ಶಾಲೆಯ ರೇಡಿಯೋ ಬಿಚ್ಚಿದಾಗ ಕಂಡದ್ದು

ಸುವರ್ಣ ಮಹೋತ್ಸವದ ವಸ್ತು ಪ್ರದರ್ಶನಕ್ಕೆಂದು ಹಳೆಯ ಸಾಮಾನು ಹುಡುಕುತ್ತಿದ್ದ ಹುಡುಗರು ವಿಜ್ಞಾನ ಪ್ರಯೋಗಾಲಯದ ಅಟ್ಟದಿಂದ ಒಂದು ಮರದ ಪೆಟ್ಟಿಗೆಯನ್ನು ಇಳಿಸಿದರು. ಅದರ ಮೇಲೆ ಬೆರಳುದ್ದ ಧೂಳು. ಮುಂಭಾಗದ ಬಟ್ಟೆ ಹರಿದಿತ್ತು, ಗಾಜು ಮಾತ್ರ ಒಡೆದಿರಲಿಲ್ಲ. ಸಮಿತಿಯ ಒಬ್ಬ ತರುಣ ನನಗೆ ಫೋನ್ ಮಾಡಿ, "ಕಾಕಾ, ನಮ್ಮ ಸಾಲ್ಯಾಗ ಒಂದು ಹಳೇ ರೇಡಿಯೋ ಸಿಕ್ಕೈತಿ. ಒಳಗ ಬ್ಲೂಟೂತ್ ಹಾಕಿ ಕೊಡ್ರಿ, ಪ್ರದರ್ಶನದಾಗ ಹಾಡು ಹಚ್ಚೋಣು" ಎಂದ. ಮೂವತ್ತೈದು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವನೆಂದು ನನ್ನನ್ನು ಕೇಳಿದ್ದ. ಆ ರೇಡಿಯೋವನ್ನು ನಾನು ಮೊದಲೇ ಬಲ್ಲೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮನೆಗೆ ತಂದು ಮೂರು ದಿನ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಬಿಚ್ಚಿದೆ. ಆಗ ಕಂಡದ್ದನ್ನು ಈ ಸಂಚಿಕೆಗೆ ಬರೆದುಕೊಡುತ್ತಿದ್ದೇನೆ. ಇದರಲ್ಲಿ ನಮ್ಮ ಭಾಗಕ್ಕೆ ಬಾನುಲಿ ಬಂದ ಚರಿತ್ರೆ ಇದೆ, ನಮ್ಮೂರಿಗೆ ಕರೆಂಟು ಬಂದ ಚರಿತ್ರೆ ಇದೆ. ನಮ್ಮ ತರಗತಿಯ ಒಬ್ಬ ಹುಡುಗನ ಸಂಗತಿಯೂ ಇದೆ. ಅವನ ಹೆಸರು ಈ ಶಾಲೆಯ ಹಳೆಯ ವಿದ್ಯಾರ್ಥಿಗಳ ಯಾವ ಪಟ್ಟಿಯಲ್ಲೂ ಇಲ್ಲ.

ಮೊದಲು ಹೊರಗಿನ ಗಾಜನ್ನು ನೋಡೋಣ. ಇಂದಿನ ಮಕ್ಕಳಿಗೆ ಅದೊಂದು ನಕಾಶೆಯಂತೆ ಕಾಣಬಹುದು. ಮೀಡಿಯಂ ವೇವ್ ಸಾಲಿನಲ್ಲಿ 200ರಿಂದ 550ರ ತನಕ ಮೀಟರುಗಳು, ಅದರ ಕೆಳಗೆ ಎರಡು ಶಾರ್ಟ್ ವೇವ್ ಸಾಲುಗಳು, ಅಲ್ಲಲ್ಲಿ ಊರುಗಳ ಹೆಸರು. ಮೀಡಿಯಂ ವೇವ್ ಸಾಲಿನಲ್ಲಿ 390ರ ಹತ್ತಿರ ಯಾರೋ ಗಾಜಿನ ಒಳಗಡೆಯಿಂದ ಉಗುರಿನಷ್ಟು ಕೆಂಪು ಕಾಗದ ಅಂಟಿಸಿದ್ದರು. ಅದು ಧಾರವಾಡ ನಿಲಯದ ಗುರುತು. ಇಂಗ್ಲಿಷ್ ಓದಲು ಬಾರದ ಮನೆಯವರೂ ಮುಳ್ಳನ್ನು ಆ ಕೆಂಪು ಚುಕ್ಕೆಗೆ ತಂದು ನಿಲ್ಲಿಸಿದರೆ ಸಾಕಿತ್ತು, ಕನ್ನಡ ಕೇಳುತ್ತಿತ್ತು.

ಆ ಚುಕ್ಕೆ ಅಂಟಿಸುವ ಕಾಲ ಬರಲು ನಮ್ಮ ಭಾಗದವರು ಬಹಳ ಕಾಯಬೇಕಾಯಿತು. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮೀಟರ್ ಇಟ್ಟು ಪ್ರಸಾರ ಆರಂಭಿಸಿದ್ದು 1935ರಲ್ಲಿ. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರ ನಿಲಯಕ್ಕೆ ಬಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಆದರೆ ಆ ಸಣ್ಣ ಯಂತ್ರದ ದನಿ ತುಂಗಭದ್ರೆ ದಾಟಿ ನಮ್ಮ ಕಡೆಗೆ ಬರುವಷ್ಟು ಗಟ್ಟಿಯಾಗಿರಲಿಲ್ಲ. ನಾವು ಆಗ ಮುಂಬಯಿ ಪ್ರಾಂತ್ಯದವರು. 1947ರಲ್ಲಿ ಸ್ವತಂತ್ರ ಭಾರತಕ್ಕೆ ಉಳಿದ ಆಲ್ ಇಂಡಿಯಾ ರೇಡಿಯೋದ ಆರು ನಿಲಯಗಳು ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು, ತಿರುಚಿನಾಪಳ್ಳಿ ಮತ್ತು ಲಖನೌ. ಅವುಗಳಲ್ಲಿ ಒಂದೂ ಕನ್ನಡ ನಾಡಿನೊಳಗೆ ಇರಲಿಲ್ಲ. ಧಾರವಾಡ ನಿಲಯ ಶುರುವಾದದ್ದು 1950ರ ಜನವರಿ 8ರಂದು. ಮೈಸೂರಿನ ನಿಲಯ ಬೆಂಗಳೂರಿಗೆ ಹೋದದ್ದು 1955ರ ನವೆಂಬರಿನಲ್ಲಿ. ಭದ್ರಾವತಿ, ಕಲಬುರಗಿಗಳು 1960ರ ದಶಕದ ನಡುವೆ ಬಂದವು. ಏಕೀಕರಣವಾಗುವ ಆರು ವರ್ಷ ಮೊದಲೇ ಧಾರವಾಡದಿಂದ ಕನ್ನಡ ಕೇಳಿಬಂತು ಎಂಬುದನ್ನು ನಮ್ಮ ತಂದೆಯವರ ಪೀಳಿಗೆ ಅಭಿಮಾನದಿಂದ ಹೇಳುತ್ತಿತ್ತು.

ಈ ರೇಡಿಯೋ ನಮ್ಮೂರಿನ ಒಬ್ಬ ಸಾಹುಕಾರರ ಮನೆಯದು. 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧ ನಡೆಯುತ್ತಿದ್ದಾಗ, ಅವರು ಹೊಸದಾಗಿ ಒಂದು ಟ್ರಾನ್ಸಿಸ್ಟರ್ ಕೊಂಡಿದ್ದರು. ಇದನ್ನು ಅದೇ ವರ್ಷ ಆರಂಭವಾಗಿದ್ದ ನಮ್ಮ ಹೈಸ್ಕೂಲಿಗೆ ದಾನ ಕೊಟ್ಟರು. ಶಾಲೆಯ ಪಡಸಾಲೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ನಾನು ಆಗ ಏಳನೆಯ ತರಗತಿಯಲ್ಲಿದ್ದೆ, ಅಪ್ಪನ ಜೊತೆ ಸುದ್ದಿ ಕೇಳಲು ಬರುತ್ತಿದ್ದೆ. ನೂರು ಜನ ಕೂತಿರುತ್ತಿದ್ದರು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾದ ಸುದ್ದಿ ನಮ್ಮೂರಿಗೆ ತಲುಪಿದ್ದು ಈ ಪೆಟ್ಟಿಗೆಯ ಮೂಲಕ. ಆ ರಾತ್ರಿ ಯಾರೋ ಇದಕ್ಕೆ ಚೆಂಡುಹೂವಿನ ಮಾಲೆ ಹಾಕಿದರು. ಶಾಲೆಗೆ ಬರುವಾಗಲೇ ಅದಕ್ಕೆ ಹತ್ತು ವರ್ಷವಾಗಿತ್ತು ಎಂಬುದು ನೆನಪಿರಲಿ, ಮುಂದೆ ಈ ಮಾತು ಬೇಕಾಗುತ್ತದೆ.

ಹತ್ತು ವರ್ಷ ಎಂದು ಖಚಿತವಾಗಿ ಹೇಗೆ ಹೇಳುತ್ತೇನೆ ಎಂದರೆ, ಹಿಂದಿನ ರಟ್ಟು ತೆಗೆದ ಕೂಡಲೇ ಮೊದಲು ಕೈಗೆ ಸಿಕ್ಕಿದ್ದು ಲೈಸೆನ್ಸ್ ಪುಸ್ತಕ. ಹೌದು, ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಇವುಗಳ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ರೇಡಿಯೋ ಇಡುವುದು ಅಪರಾಧ. ವರ್ಷಕ್ಕೆ 15 ರೂಪಾಯಿ ಪೋಸ್ಟ್ ಆಫೀಸಿನಲ್ಲಿ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಟ್ರಾನ್ಸಿಸ್ಟರುಗಳು ಮನೆಮನೆಗೆ ಬಂದ ಮೇಲೆ ಈ ಪದ್ಧತಿ ನಡೆಸುವುದೇ ಕಷ್ಟವಾಗಿ 1980ರ ದಶಕದಲ್ಲಿ ಅದನ್ನು ಕೈಬಿಟ್ಟರು. ನಮ್ಮ ಪುಸ್ತಕದಲ್ಲಿ ಮೊದಲ ಮುದ್ರೆ 1961ರದು, ಸಾಹುಕಾರರ ಹೆಸರಿನಲ್ಲಿ. ಕೊನೆಯ ಮುದ್ರೆ 1974ರದು. ಆಮೇಲಿನ ಪುಟಗಳು ಖಾಲಿ. ಕೆಟ್ಟುಹೋದ ರೇಡಿಯೋಕ್ಕೆ ಯಾರು ದುಡ್ಡು ಕಟ್ಟುತ್ತಾರೆ? ಅಂದರೆ 1974ರ ನಂತರ ಇದು ಹಾಡಲಿಲ್ಲ ಎಂಬುದಕ್ಕೆ ಅಂಚೆ ಇಲಾಖೆಯ ಸಾಕ್ಷಿಯೇ ಇದೆ.

ಇನ್ನು ಬಿಚ್ಚುವ ಕೆಲಸ. ಹಳೆಯ ಮೇಜು ರೇಡಿಯೋ ಬಿಚ್ಚುವಾಗ ಅವಸರ ಮಾಡಿದವರು ಕೆಟ್ಟರು. ಮುಂದಿನ ಗುಂಡಿಗಳನ್ನು ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿಸಿದರೆ ಮರಕ್ಕೆ ಗಾಯವಾಗುತ್ತದೆ, ಗುಂಡಿಯೂ ಸೀಳುತ್ತದೆ. ಗುಂಡಿಯ ಹಿಂದೆ ಒಂದು ಬಟ್ಟೆಯ ಪಟ್ಟಿ ಸುತ್ತಿ ಎರಡೂ ಕೈಯಿಂದ ಸಮನಾಗಿ ಎಳೆಯಬೇಕು. ಆಮೇಲೆ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ ತಳದ ನಾಲ್ಕು ಬೋಲ್ಟು ತೆಗೆಯಬೇಕು. ಬೋಲ್ಟಿಗೆ ಹಾಕಿದ್ದ ರಬ್ಬರ್ ವಾಷರುಗಳು ಬೆಲ್ಲದ ಪಾಕದಂತೆ ಕರಗಿ ಅಂಟಿಕೊಂಡಿದ್ದವು. ಸ್ಪೀಕರಿಗೆ ಹೋಗುವ ಎರಡು ತಂತಿಗಳ ಬೆಸುಗೆ ಬಿಡಿಸಿ, ಯಾವುದು ಎಲ್ಲಿತ್ತು ಎಂದು ಬರೆದಿಟ್ಟುಕೊಂಡೆ. ಅಷ್ಟಾದ ಮೇಲೆ ಒಳಗಿನ ಕಬ್ಬಿಣದ ಚಾಸಿ, ಅಂದರೆ ಎಲ್ಲ ಭಾಗಗಳನ್ನು ಕೂರಿಸಿದ ತಟ್ಟೆ, ಹಿಂದಿನಿಂದ ಸರಿದು ಹೊರಗೆ ಬಂತು.

ಮುಳ್ಳನ್ನು ಓಡಾಡಿಸುವ ದಾರದ ಬಗ್ಗೆ ಒಂದು ಮಾತು. ನೋಡಲು ಗಾಳಿಪಟದ ದಾರ, ಆದರೆ ನಾಲ್ಕಾರು ರಾಟೆಗಳ ಸುತ್ತ ಅದು ಹೋಗುವ ದಾರಿ ಒಮ್ಮೆ ತಪ್ಪಿತೆಂದರೆ ದಿನವಿಡೀ ಕೂತರೂ ಸರಿಯಾಗುವುದಿಲ್ಲ. ನಾನು ಅಂಗಡಿ ತೆರೆದ ಮೊದಲ ವರ್ಷ ಒಬ್ಬ ಗಿರಾಕಿಯ ರೇಡಿಯೋದಲ್ಲಿ ಹೀಗೆ ಮಾಡಿಕೊಂಡು, ಮುಳ್ಳು ಎಡಕ್ಕೆ ಹೋಗಬೇಕಾದಾಗ ಬಲಕ್ಕೆ ಹೋಗುವಂತೆ ಕಟ್ಟಿಕೊಟ್ಟಿದ್ದೆ. ಆ ಪುಣ್ಯಾತ್ಮ ಎರಡು ವರ್ಷ ಹಾಗೆಯೇ ಬಳಸಿದ. ಅಂದಿನಿಂದ ದಾರ ಮುಟ್ಟುವ ಮುಂಚೆ ಚಿತ್ರ ಬರೆದುಕೊಳ್ಳುತ್ತೇನೆ.

ಚಾಸಿಯ ಮೇಲೆ ಐವತ್ತು ವರ್ಷದ ಸಂಸಾರವೇ ಇತ್ತು. ಎರಡು ಹಲ್ಲಿ ಮೊಟ್ಟೆಯ ಬಿಳಿ ಚಿಪ್ಪು, ಜಿರಲೆಯ ರೆಕ್ಕೆಗಳು, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಇಲಿಯ ಗೂಡು. ಇಲಿ ಗೂಡು ಕಟ್ಟಿದ್ದು ಹತ್ತಿ ಮತ್ತು ಕಾಗದದ ಚೂರುಗಳಿಂದ. ಒಂದು ಚೂರಿನಲ್ಲಿ ಯಾವುದೋ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯ ಅರ್ಧ ಸಾಲು ಓದಲು ಸಿಕ್ಕಿತು, 'ಎರಡು ಅಂಕ' ಎಂಬುದು ಮಾತ್ರ ಸ್ಪಷ್ಟವಾಗಿತ್ತು.

ಕುಂಚದಿಂದ ಧೂಳು ತೆಗೆದ ಮೇಲೆ ಒಂದೊಂದೇ ಕಾಣಿಸಿತು. ಐದು ಗಾಜಿನ ವಾಲ್ವುಗಳು, ಜೊತೆಗೆ ಹಸಿರು ಕಣ್ಣಿನ ಒಂದು ವಾಲ್ವ್. ನಿಲಯ ಸರಿಯಾಗಿ ಸಿಕ್ಕಾಗ ಆ ಹಸಿರು ಬೆಳಕು ಕೂಡಿಕೊಳ್ಳುತ್ತಿತ್ತು, ಇಂಗ್ಲಿಷಿನವರು ಅದಕ್ಕೆ ಮ್ಯಾಜಿಕ್ ಐ ಎನ್ನುತ್ತಿದ್ದರು. ನಮ್ಮೂರಲ್ಲಿ ಅದು 'ಬೆಕ್ಕಿನ ಕಣ್ಣು'. ಬ್ಯಾಂಡ್ ಬದಲಿಸುವ ಸ್ವಿಚ್ಚಿನ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೀಡಿಯಂ ವೇವ್ ಹಲ್ಲುಗಳಿಗಿಂತ ಶಾರ್ಟ್ ವೇವ್ ಹಲ್ಲುಗಳು ಹೆಚ್ಚು ಸವೆದಿದ್ದವು. ಸಾಹುಕಾರರು ಬೆಳಗ್ಗೆ ವಚನ, ವಾರ್ತೆಗೆಂದು ಧಾರವಾಡ ಹಾಕುತ್ತಿದ್ದರೆಂದು ಊರೆಲ್ಲ ಬಲ್ಲದು. ಶಾರ್ಟ್ ವೇವ್ ಇಷ್ಟು ಸವೆಯಬೇಕಾದರೆ ಮನೆಯ ಹುಡುಗರು ರೇಡಿಯೋ ಸಿಲೋನ್ ಕೇಳಿರಲೇಬೇಕು. 1952ರ ನಂತರ ಮಂತ್ರಿ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಿತು. ಇಡೀ ದೇಶದ ಹುಡುಗರು ಸಮುದ್ರದಾಚೆಯ ಕೊಲಂಬೋದತ್ತ ಮುಳ್ಳು ತಿರುಗಿಸಿದರು. ಅದನ್ನು ಸರಿಪಡಿಸಲೆಂದೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಹುಟ್ಟಿದರೂ ಬುಧವಾರ ರಾತ್ರಿ ಬಿನಾಕಾ ಗೀತಮಾಲೆಗೆ ಸಿಲೋನೇ ಬೇಕಾಗಿತ್ತು. ದೊಡ್ಡವರು ಮಲಗಿದ ಮೇಲೆ ಆ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ಸ್ವಿಚ್ಚಿನ ಹಲ್ಲು ಹೇಳಿತು.

ಹಿಂಭಾಗದಲ್ಲಿ ಕರೆಂಟಿನ ವೋಲ್ಟೇಜಿಗೆ ತಕ್ಕಂತೆ ಬದಲಿಸುವ ಒಂದು ಸಣ್ಣ ಬಿರಡೆ ಇರುತ್ತದೆ. ಇದರಲ್ಲಿ ಮೂರು ತೂತು, 200, 220, 245 ಎಂದು ಗುರುತು. ಬಿರಡೆ 200ರಲ್ಲಿತ್ತು. ನೋಡಿದ ಕೂಡಲೇ ನಗು ಬಂತು, ಆಮೇಲೆ ಯೋಚನೆಗೆ ಹತ್ತಿತು. ನಮ್ಮೂರಿಗೆ ಕರೆಂಟು ಬಂದದ್ದೇ ತಡ, ಕೆರೆಯ ಕೆಳಗಿನ ಬಾವಿಗಳಿಗೆಲ್ಲ ಪಂಪ್‌ಸೆಟ್ ಬಂದವು. ಸಂಜೆ ಎಲ್ಲರೂ ನೀರು ಹಾಯಿಸುವಾಗ ಬಲ್ಬಿನ ತಂತಿ ಕೆಂಪು ದಾರದಂತೆ ಕಾಣುತ್ತಿತ್ತು. ರೇಡಿಯೋ ಪಿಸುಗುಟ್ಟುತ್ತಿತ್ತು. ಯಾರೋ ತಿಳಿದವರು ಬಿರಡೆಯನ್ನು 200ಕ್ಕೆ ಹಾಕಿದ್ದಾರೆ. ಸಂಜೆಗೆ ಅದು ಸರಿಯಾದ ಉಪಾಯ. ಆದರೆ ಪಂಪುಗಳು ನಿಂತ ಹೊತ್ತಿನಲ್ಲಿ ಕರೆಂಟು 240ಕ್ಕೆ ಏರಿದರೆ ಒಳಗಿನ ಪ್ರತಿಯೊಂದು ಭಾಗದ ಮೇಲೂ ಐದನೆಯ ಒಂದು ಪಾಲು ಹೆಚ್ಚು ಭಾರ ಬೀಳುತ್ತದೆ. ಎತ್ತು ಒಂದು ದಿನ ತಡೆದುಕೊಂಡೀತು, ವರ್ಷಗಟ್ಟಲೆ ತಡೆಯಲಾರದು.

ಈಗ ಆ ಹುಡುಗನ ವಿಷಯ. ಅವನು ಎಂಟನೆಯ ತರಗತಿಯಿಂದ ನನ್ನ ಬೆಂಚಿನವನು. ತಂದೆ ಇರಲಿಲ್ಲ, ತಾಯಿ ಕೂಲಿ ಮಾಡುತ್ತಿದ್ದರು. ಗಣಿತದಲ್ಲಿ ನನಗಿಂತ ಚುರುಕು. ರೇಡಿಯೋ ಹಚ್ಚುವ, ಆರಿಸುವ ಕೆಲಸವನ್ನು ಗುರುಗಳು ಅವನಿಗೇ ವಹಿಸಿದ್ದರು, ಏಕೆಂದರೆ ಮುಳ್ಳನ್ನು ಕೂದಲೆಳೆ ಆಚೀಚೆ ಆಗದಂತೆ ನಿಲ್ಲಿಸುವುದು ಅವನಿಗೆ ಮಾತ್ರ ಬರುತ್ತಿತ್ತು. ಬಿಡುವಿನಲ್ಲಿ ಅವನು ಹಿಂದಿನ ರಟ್ಟಿನ ಗಾಳಿತೂತುಗಳಿಗೆ ಕಣ್ಣಿಟ್ಟು ಒಳಗೆ ಉರಿಯುವ ವಾಲ್ವುಗಳನ್ನು ನೋಡುತ್ತಿದ್ದ. ನನಗೂ ತೋರಿಸಿದ್ದ. ಕತ್ತಲೆಯಲ್ಲಿ ಐದು ಸಣ್ಣ ಕಂದೀಲು ಹಚ್ಚಿಟ್ಟಂತೆ ಕಾಣುತ್ತಿತ್ತು.

1974ರ ನವೆಂಬರ್ 22ರಿಂದ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಪಂದ್ಯ. ಬೆಂಗಳೂರಿನಲ್ಲಿ ನಡೆದ ಮೊದಲ ಟೆಸ್ಟ್ ಅದು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ತಮ್ಮ ಮೊದಲ ಟೆಸ್ಟ್ ಆಡಿದ್ದು ಅಲ್ಲಿಯೇ. ನಮ್ಮ ಚಂದ್ರಶೇಖರ್ ಎರಡೂ ಸರದಿಯಲ್ಲಿ ರಿಚರ್ಡ್ಸರನ್ನು ಐದು ರನ್ನೂ ಆಗದಂತೆ ಔಟ್ ಮಾಡಿದರು, ಆದರೂ ಕೊನೆಗೆ ಭಾರತ 267 ರನ್ನುಗಳಿಂದ ಸೋತಿತು. ಇದೆಲ್ಲ ನನಗೆ ಆಮೇಲೆ ಪತ್ರಿಕೆಯಿಂದ ಗೊತ್ತಾದದ್ದು. ಶನಿವಾರ, ಎರಡನೆಯ ದಿನ, ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ನಾವು ಇಪ್ಪತ್ತು ಹುಡುಗರು ಕೂತಿದ್ದೆವು. ವೀಕ್ಷಕ ವಿವರಣೆ ಇಂಗ್ಲಿಷು, ಹಿಂದಿಯಲ್ಲಿ. ಅರ್ಥವಾಗುತ್ತಿದ್ದದ್ದು ಆಟಗಾರರ ಹೆಸರು ಮತ್ತು ಜನರ ಕೂಗು ಮಾತ್ರ. ನಡುವೆ ಕರೆಂಟು ಹೋಗಿ ಬಂತು. ಸ್ವಲ್ಪ ಹೊತ್ತಿಗೆ ದನಿ ಒಡೆಯತೊಡಗಿತು, ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ. ಅವನು ಎದ್ದು ಹೋಗಿ ದನಿ ಕಡಿಮೆ ಮಾಡಿದ, ಮುಳ್ಳು ಸರಿಪಡಿಸಿದ, ಹಿಂದೆ ಹೋಗಿ ತೂತಿನಲ್ಲಿ ಇಣುಕಿದ. "ಲೇ, ಒಂದು ವಾಲು ಕೆಂಪಾಗಿ ಉರಿಯಾಕತ್ತೈತಿ" ಎಂದ. ಸುಟ್ಟ ವಾಸನೆ ಬಂತು. ಆಮೇಲೆ ದನಿಯೇ ನಿಂತಿತು.

ಸೋಮವಾರ ವಿಚಾರಣೆಯಾಯಿತು. ಅಂದು ಶಾಲೆಯಲ್ಲಿದ್ದ ಒಬ್ಬ ಹಿರಿಯರು ಇವನು ಹಿಂದಿನ ತೂತಿನಲ್ಲಿ ತಂತಿ ತುರುಕಿದ್ದಾನೆ ಎಂದರು. ಅವನು ಇಲ್ಲ ಎಂದ. "ಇವನು ಹಿಂದೆ ಹೋಗಿದ್ದನೋ ಇಲ್ಲವೋ?" ಎಂದು ತರಗತಿಯ ಮಾನಿಟರ್ ಆಗಿದ್ದ ನನ್ನನ್ನು ಕೇಳಿದರು. "ಹೋಗಿದ್ದ ಸರ್" ಎಂದೆ. ನಾನು ಹೇಳಿದ್ದು ನಿಜ. ಕೈಯಲ್ಲಿ ತಂತಿ ಇರಲಿಲ್ಲ ಎಂಬ ಇನ್ನೊಂದು ಮಾತನ್ನು ಯಾರೂ ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಅರವತ್ತು ರೂಪಾಯಿ ತಂದು ತಾಯಿಯ ಜೊತೆ ಬಾ ಎಂದು ಅವನನ್ನು ಕಳಿಸಿದರು. ಅವನು ಬರಲಿಲ್ಲ. ಮಾರ್ಚಿಯಲ್ಲಿ ನಾವೆಲ್ಲ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತಾಗ ಅವನು ಹುಬ್ಬಳ್ಳಿಯಲ್ಲಿ ಒಂದು ಲೇತ್ ಅಂಗಡಿಯಲ್ಲಿ ಕಬ್ಬಿಣದ ಪುಡಿ ಗುಡಿಸುತ್ತಿದ್ದ. ಆ ಹಿರಿಯರು ಈಗಿಲ್ಲ, ಅವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನನಗೆ ಅಂದು ಹದಿನೈದು ವರ್ಷ, ಬಾಯಿ ಇತ್ತು.

ಚಾಸಿಯನ್ನು ಬೋರಲು ಹಾಕಿದಾಗ ಇದೆಲ್ಲ ತಲೆಯಲ್ಲಿತ್ತು. ರೇಡಿಯೋದ ನಿಜವಾದ ಹೊಟ್ಟೆ ಇರುವುದು ಚಾಸಿಯ ಕೆಳಭಾಗದಲ್ಲಿ. ಅಲ್ಲಿ ನೋಡುವ ಮುಂಚೆ ಮೇಲುಗಡೆಯ ಒಂದು ಸಂಗತಿ ಬರೆದುಕೊಂಡೆ. ಕಾರ್ಖಾನೆಯವರು ಹೊಂದಾಣಿಕೆಯ ಸ್ಕ್ರೂಗಳಿಗೆಲ್ಲ ಒಂದೊಂದು ಹನಿ ಕೆಂಪು ಬಣ್ಣ ಹಾಕಿರುತ್ತಾರೆ. ಯಾರಾದರೂ ಕೈಯಾಡಿಸಿದರೆ ಆ ಹನಿ ಒಡೆಯುತ್ತದೆ. ಒಂದೂ ಒಡೆದಿರಲಿಲ್ಲ. ಗಾಳಿತೂತುಗಳ ನೇರಕ್ಕೆ ಇರುವ ವಾಲ್ವುಗಳ ಬುಡದಲ್ಲಿ ತಂತಿ ತಾಗಿ ಕಿಡಿ ಹಾರಿದ ಕಪ್ಪು ಗುರುತೂ ಇರಲಿಲ್ಲ.

ಕೆಳಭಾಗದಲ್ಲಿ ಕಣ್ಣಿಗೆ ಬಿದ್ದದ್ದು ಒಂದು ರೆಸಿಸ್ಟರ್. ಬಣ್ಣದ ಪಟ್ಟಿಗಳೆಲ್ಲ ಸುಟ್ಟು ಕರಿದ ಸಂಡಿಗೆಯ ಹಾಗೆ ಉಬ್ಬಿ ಕಪ್ಪಾಗಿತ್ತು. ಅದು ಕೊನೆಯ ದೊಡ್ಡ ವಾಲ್ವಿನದು. ಆ ವಾಲ್ವಿನ ಹೆಸರು ಇಎಲ್ 84, ಸ್ಪೀಕರಿಗೆ ಶಕ್ತಿ ಕೊಡುವುದು ಅದೇ. ಅಲ್ಲಿಂದ ಸ್ಪೀಕರಿನ ಸಣ್ಣ ಟ್ರಾನ್ಸ್‌ಫಾರ್ಮರಿಗೆ ಮೀಟರ್ ಹಿಡಿದೆ. ಒಳಗಿನ ಸಣ್ಣ ತಂತಿ ಕಡಿದಿತ್ತು.

ರೇಡಿಯೋ ವಿದ್ಯೆ ಗೊತ್ತಿಲ್ಲದ ಓದುಗರಿಗೆ ಇದನ್ನು ನಮ್ಮೂರ ಕೆರೆಯ ಲೆಕ್ಕದಲ್ಲಿ ಹೇಳುತ್ತೇನೆ. ವಾಲ್ವ್ ಎಂದರೆ ತೂಬು. ಕೆರೆಯ ತುಂಬ ನೀರು ಒತ್ತುತ್ತಿರುತ್ತದೆ, ತೂಬಿನವನು ಕೈಯಿಂದ ಸ್ವಲ್ಪ ಎತ್ತಿದರೆ ಹೆಚ್ಚು ನೀರು, ಸ್ವಲ್ಪ ಇಳಿಸಿದರೆ ಕಡಿಮೆ. ಸಣ್ಣ ಕೈಯ ಅಲುಗಾಟ ಕಾಲುವೆಯಲ್ಲಿ ದೊಡ್ಡ ಅಲೆಯಾಗುತ್ತದೆ. ಇಎಲ್ 84ರಲ್ಲಿ ಒತ್ತುವ ನೀರು ಸುಮಾರು 250 ವೋಲ್ಟ್, ಅಲುಗಾಡಿಸುವ ಕೈ ಹಿಂದಿನ ವಾಲ್ವಿನಿಂದ ಬರುವ ದನಿ. ಹಿಂದಿನ ವಾಲ್ವಿನಲ್ಲೂ ಹೆಚ್ಚು ವೋಲ್ಟೇಜ್ ಇರುತ್ತದೆ. ಅದು ಮುಂದಕ್ಕೆ ನುಗ್ಗದಂತೆ ತಡೆದು, ದನಿಯನ್ನು ಮಾತ್ರ ಬಿಡಲು ನಡುವೆ ಒಂದು ಕಂಡೆನ್ಸರ್ ಇಟ್ಟಿರುತ್ತಾರೆ. ಆ ಕಾಲದ ಕಂಡೆನ್ಸರ್ ಎಂದರೆ ಲೋಹದ ಹಾಳೆ, ನಡುವೆ ಕಾಗದ, ಮೇಲೆ ಮೇಣ. ನಮ್ಮ ಬಿಸಿಲು, ಮಳೆಗಾಲದ ತೇವ ಇವುಗಳಲ್ಲಿ ಹತ್ತು ಹದಿನೈದು ವರ್ಷ ಕಳೆದರೆ ಕಾಗದ ಸೋರತೊಡಗುತ್ತದೆ. ಸೋರಿತೆಂದರೆ ತೂಬಿನ ಬಾಗಿಲು ಮೇಲೇ ಸಿಕ್ಕಿಕೊಂಡಂತೆ. ನೀರು ನಿಲ್ಲದೆ ನುಗ್ಗುತ್ತದೆ. ದನಿ ಒಡೆಯುತ್ತದೆ, ವಾಲ್ವ್ ಕೆಂಪಗೆ ಕಾಯುತ್ತದೆ, ರೆಸಿಸ್ಟರ್ ಸುಡುತ್ತದೆ, ಟ್ರಾನ್ಸ್‌ಫಾರ್ಮರಿನ ತಂತಿ ಕಡಿಯುತ್ತದೆ. ಹಳೆಯ ಮೆಕ್ಯಾನಿಕ್‌ಗಳಿಗೆಲ್ಲ ಇದು ನೆಗಡಿಯಷ್ಟು ಪರಿಚಿತ ಕಾಯಿಲೆ. ನನ್ನ ಅಂಗಡಿಗೆ ಬಂದ ವಾಲ್ವ್ ರೇಡಿಯೋಗಳಲ್ಲಿ ಎಷ್ಟೋ ಇದೇ ರೋಗದವು.

ಪರೀಕ್ಷೆ ಮಾಡದೆ ಹೇಳಬಾರದು. ಹಳೆಯ ಫಿಲ್ಟರ್ ಕಂಡೆನ್ಸರುಗಳನ್ನು ಬದಲಿಸಿ, ಇಎಲ್ 84 ಕಿತ್ತಿಟ್ಟು, ಸರಣಿಯಲ್ಲಿ ಒಂದು 60 ವ್ಯಾಟಿನ ಬಲ್ಬು ಹಾಕಿ ಕರೆಂಟು ಕೊಟ್ಟೆ. ಒಳಗೆ ಏನಾದರೂ ಕೂಡಿಹೋಗಿದ್ದರೆ ಬಲ್ಬು ಜೋರಾಗಿ ಉರಿದು ಎಚ್ಚರಿಸುತ್ತದೆ, ರೇಡಿಯೋ ಸುಡುವುದಿಲ್ಲ. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಮೀಟರಿನ ಮುಳ್ಳನ್ನು ಎರಡನೆಯ ಪಿನ್ನಿಗೆ ಹಿಡಿದೆ. ಅಲ್ಲಿ ಸೊನ್ನೆ ಇರಬೇಕು. ಮೀಟರ್ ಏರುತ್ತಾ ಮೂವತ್ತು ವೋಲ್ಟ್ ದಾಟಿತು. ಕಂಡೆನ್ಸರಿನ ಒಂದು ತುದಿ ಬಿಡಿಸಿದೆ. ಸೊನ್ನೆಗೆ ಇಳಿಯಿತು.

ಇಲ್ಲಿ ಒಂದು ತಕರಾರು ಏಳಬಹುದು, ನನಗೇ ಎದ್ದಿತು. ಇಂದು ಸೋರುವ ಕಾಗದ ಅಂದೂ ಸೋರುತ್ತಿತ್ತು ಎಂದು ಹೇಗೆ ಹೇಳುವುದು? ನಡುವೆ ಇಷ್ಟು ವರ್ಷ ಅಟ್ಟದ ಮೇಲೆ ಬಿದ್ದಿತ್ತಲ್ಲ? ಮಾತು ಸರಿಯೇ. ಆದರೆ ಅಟ್ಟದ ಮೇಲೆ ಬಿದ್ದಿರುವ ರೇಡಿಯೋದ ರೆಸಿಸ್ಟರ್ ಸುಡುವುದಿಲ್ಲ. ಅದು ಸುಡಬೇಕಾದರೆ ಕರೆಂಟು ಹರಿಯಬೇಕು. ಕರೆಂಟು ಕೊನೆಯ ಸಲ ಹರಿದದ್ದು ಆ ಶನಿವಾರ. ವಾಲ್ವೇ ಒಳಗೆ ಕೆಟ್ಟು ಹೀಗಾಗಿರಬಹುದೇ ಎಂದು ಅದನ್ನು ನನ್ನ ಹತ್ತಿರವಿದ್ದ ಒಂದು ಹಳೆಯ ಆಂಪ್ಲಿಫೈಯರಿಗೆ ಹಾಕಿ ನೋಡಿದೆ. ಬಲ ಕುಂದಿತ್ತು, ಆದರೆ ಒಳಗೆ ಏನೂ ಕೂಡಿಹೋಗಿರಲಿಲ್ಲ. ಅವನು ಅಂದು ತೂತಿನಲ್ಲಿ ಕಂಡ ಕೆಂಪು ವಾಲ್ವ್ ಇದೇ. ಹದಿನೈದು ವರ್ಷದ ಹುಡುಗ ಕಣ್ಣಳತೆಯಲ್ಲೇ ರೋಗ ಹಿಡಿದಿದ್ದ. ಅದನ್ನೇ ಹಿಡಿಯುವುದನ್ನು ಕಲಿಯಲು ನನಗೆ ಐಟಿಐಯಲ್ಲಿ ಎರಡು ವರ್ಷ ಬೇಕಾಯಿತು.

ತೀರ್ಮಾನ ಇಷ್ಟು. ಹಳೆಯ ಕಾಗದ, ಏರಿಳಿಯುವ ಕರೆಂಟು, 200ರಲ್ಲಿದ್ದ ಬಿರಡೆ. ಯಾರ ಕೈಯೂ ಅದರಲ್ಲಿ ಇರಲಿಲ್ಲ.

ಕಂಡೆನ್ಸರ್ ಹೊಸದು ಹಾಕುವುದು ಹತ್ತು ನಿಮಿಷದ ಕೆಲಸ. ರೆಸಿಸ್ಟರ್ ನನ್ನ ಡಬ್ಬಿಯಲ್ಲೇ ಇತ್ತು. ಇಎಲ್ 84ನ್ನು ವಿದೇಶಗಳಲ್ಲಿ ಗಿಟಾರ್ ಆಂಪ್ಲಿಫೈಯರಿಗೆಂದು ಇಂದಿಗೂ ತಯಾರಿಸುತ್ತಾರೆ, ನನ್ನಲ್ಲಿ ಹಳೆಯದೇ ಒಂದು ಉಳಿದಿತ್ತು. ತೊಡಕಾದದ್ದು ಆ ಸಣ್ಣ ಟ್ರಾನ್ಸ್‌ಫಾರ್ಮರ್. ಕೂದಲಿನಷ್ಟು ತೆಳು ತಾಮ್ರದ ತಂತಿ ಸಾವಿರಾರು ಸುತ್ತು. ಈಗ ಅದನ್ನು ಸುತ್ತಿಕೊಡುವವರು ಕಡಿಮೆ. ಒಬ್ಬ ನನಗೆ ಗೊತ್ತಿದ್ದ. ಲೇತ್ ಅಂಗಡಿಯಿಂದ ಮೋಟರ್ ವೈಂಡಿಂಗ್ ಕಲಿತು, ಹುಬ್ಬಳ್ಳಿಯಲ್ಲಿ ಸ್ವಂತ ಅಂಗಡಿ ಇಟ್ಟು, ಈಗ ಮಗನಿಗೆ ಬಿಟ್ಟುಕೊಟ್ಟು ತಾನು ಬೇಸರ ಕಳೆಯಲು ಕೂರುವವನು. ಅವನ ಅಂಗಡಿ ಎಲ್ಲಿದೆ ಎಂದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಆ ಓಣಿಗೆ ಹೋಗುವುದನ್ನು ತಪ್ಪಿಸುತ್ತಿದ್ದೆ.

ಟ್ರಾನ್ಸ್‌ಫಾರ್ಮರ್, ಸುಟ್ಟ ರೆಸಿಸ್ಟರ್, ಸೋರುವ ಕಂಡೆನ್ಸರ್ ಮೂರನ್ನೂ ಒಂದು ಔಷಧದ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಗುರುತು ಹಿಡಿದ. ಚಹಾ ತರಿಸಿದ. ಮೊಮ್ಮಕ್ಕಳ ವಿಷಯ ಮಾತಾಡಿದೆವು. ಆಮೇಲೆ ಡಬ್ಬಿ ಬಿಚ್ಚಿ ಮೇಜಿನ ಮೇಲೆ ಇಟ್ಟು, ಯಾವ ರೇಡಿಯೋದ್ದು ಎಂದು ಹೇಳಿದೆ, ಏನು ಕಂಡೆ ಎಂದು ಹೇಳಿದೆ. ಅಂದು ನಾನು ಹೇಳದೆ ಬಿಟ್ಟ ಮಾತನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಕನ್ನಡಕ ಹಾಕಿಕೊಂಡು ಸುಟ್ಟ ರೆಸಿಸ್ಟರನ್ನು ಬೆಳಕಿಗೆ ಹಿಡಿದ.

"ಎಷ್ಟು ಓಮಿಂದು ಇದು?"

"ನೂರೈವತ್ತು."

"ಅವ್ವ ಇದ್ದಿದ್ರ ತೋರಿಸಬೇಕಾಗಿತ್ತು. ಆಕಿ ಸಾಯೂತನಕ ನಾನs ಕೆಡಿಸೀನಿ ಅಂತ ತಿಳಕೊಂಡಿದ್ಲು" ಎಂದ. ಅಷ್ಟೇ. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ.

ಟ್ರಾನ್ಸ್‌ಫಾರ್ಮರನ್ನು ಸುತ್ತು ಸುತ್ತಾಗಿ ಬಿಚ್ಚಿ ಎಣಿಸಿ, ಅಷ್ಟೇ ಸುತ್ತು ಮತ್ತೆ ಸುತ್ತಿಕೊಡಲು ಅವನಿಗೆ ಎಂಟು ದಿನ ಹಿಡಿಯಿತು. ತಾಳೆಯಾಗದ ಕಡೆ ಒಮ್ಮೆ ಮೊದಲಿಂದ ಎಣಿಸಿದನಂತೆ. ದುಡ್ಡು ತೆಗೆದುಕೊಳ್ಳಲಿಲ್ಲ. ರೇಡಿಯೋಕ್ಕೆ ಬ್ಲೂಟೂತ್ ಹಾಕುವುದಿಲ್ಲ ಎಂದು ಸಮಿತಿಗೆ ತಿಳಿಸಿದೆ, ಅವರು ಒಪ್ಪಿದರು. ಮರದ ಮೇಲಿನ ಗೀರುಗಳನ್ನೂ ಹಾಗೆಯೇ ಬಿಟ್ಟಿದ್ದೇನೆ. ಬಿರಡೆಯನ್ನು ಮಾತ್ರ 245ಕ್ಕೆ ಬದಲಿಸಿದ್ದೇನೆ.

ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಎಸ್‌ಎಸ್‌ಎಲ್‌ಸಿ ಮುಗಿಸಿದವರನ್ನು ಮಾತ್ರ ಸೇರಿಸುವುದು ಎಂದು ಮೊದಲು ತೀರ್ಮಾನವಾಗಿತ್ತು. ನಡುವೆ ಶಾಲೆ ಬಿಟ್ಟವರ ಹೆಸರನ್ನೂ ದಾಖಲಾತಿ ಪುಸ್ತಕ ನೋಡಿ ಸೇರಿಸಬೇಕೆಂದು ಕೇಳಿಕೊಂಡೆ, ಮುಖ್ಯೋಪಾಧ್ಯಾಯರು ಹಾಗೆಯೇ ಮಾಡಿಸಿದ್ದಾರೆ. ಹೀಗೆ ಸೇರಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವನ ಹೆಸರೂ ಅಲ್ಲಿದೆ, ಯಾವುದೆಂದು ಈ ಲೇಖನದಲ್ಲಿ ಬರೆಯಬೇಡ ಎಂದಿದ್ದಾನೆ.

ಪ್ರದರ್ಶನದ ಹಿಂದಿನ ಸಂಜೆ ಅವನನ್ನು ಕರೆಸಿದೆ. ಪಡಸಾಲೆಯ ಅದೇ ಜಾಗದಲ್ಲಿ ಮೇಜು ಹಾಕಿ, ಎರಡು ಬಿದಿರು ಗಳಗಳ ನಡುವೆ ತಾಮ್ರದ ತಂತಿ ಕಟ್ಟಿ ಏರಿಯಲ್ ಮಾಡಿದ್ದೆವು. ಸ್ವಿಚ್ಚು ಒತ್ತಿದೆ. ವಾಲ್ವುಗಳು ಕಾಯಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಅವನು ಹಿಂದೆ ಹೋಗಿ, ಮಂಡಿಯೂರಿ, ತೂತಿಗೆ ಕಣ್ಣಿಟ್ಟ. ಬೆಕ್ಕಿನ ಕಣ್ಣು ಹಸಿರಾಯಿತು. ಗೊರಗೊರ ಸದ್ದು ಬಂತು. ಸುತ್ತ ನಿಂತಿದ್ದ ಹುಡುಗರು ಗುಂಡಿ ತಿರುವಲು ಮುಂದೆ ಬಂದರು. ಅವನು ಎದ್ದು ಬಂದು, ಅವರನ್ನು ಸರಿಸಿ, ಎರಡು ಬೆರಳಿನಿಂದ ಮುಳ್ಳನ್ನು ನಿಧಾನವಾಗಿ ಕೆಂಪು ಚುಕ್ಕೆಯ ಕಡೆಗೆ ತಂದ.